ಸತ್ಯವೇದದ ಓದು ಎಲ್ಲಿ ನಿಂತಿದೆ? ದಿನದ ಓದಿನ ದೋಷ ಹುಡುಕುವ ಕೈಪಿಡಿ

ಓದು ನಿಂತುಹೋದ ಸತ್ಯವೇದವನ್ನು (ಬೈಬಲನ್ನು) ತೆರೆದು, ಅದರ ರಿಬ್ಬನ್ ಯಾವ ಪುಟದಲ್ಲಿದೆ ಎಂದು ಮೊದಲು ನೋಡಿ. ಹೊಸ ವರ್ಷದ ಆರಾಧನೆ ಮುಗಿಸಿ ಬಂದು ಆದಿಕಾಂಡ 1ರಿಂದ ಶುರುಮಾಡಿದವರ ರಿಬ್ಬನ್ ಸಾಮಾನ್ಯವಾಗಿ ಎರಡು ಜಾಗಗಳಲ್ಲಿ ನಿಂತಿರುತ್ತದೆ: ವಿಮೋಚನಕಾಂಡ 25ರ ಆಸುಪಾಸು, ಇಲ್ಲವೇ ಯಾಜಕಕಾಂಡದ ಮೊದಲ ನಾಲ್ಕೈದು ಅಧ್ಯಾಯ. ದಿನಕ್ಕೆ 3 ಅಧ್ಯಾಯದಂತೆ ಹೋದರೆ ಜನವರಿ 25ಕ್ಕೆ ಇಸ್ರಾಯೇಲ್ಯರು ದೇವರಿಗಾಗಿ ಮಾಡಿದ ಗುಡಾರದ ಅಳತೆಗಳು ಎದುರಾಗುತ್ತವೆ, ಜನವರಿ 31ಕ್ಕೆ ಯಜ್ಞಗಳ ವಿಧಿ, ಫೆಬ್ರವರಿ 9ಕ್ಕೆ ಅರಣ್ಯಕಾಂಡದ ಜನಗಣತಿ. ಅಲ್ಲಿಯವರೆಗೆ ಕಥೆಯ ಇಳಿಜಾರಿನಲ್ಲಿ ಸಾಗಿಬಂದವರಿಗೆ ದಿಢೀರನೆ ಏರು ಸಿಗುತ್ತದೆ.

ನಿಂತವರು ಸಭಾಪಾಲಕರ ಹತ್ತಿರವೋ ಫಾದರ್ ಹತ್ತಿರವೋ ಹೋಗಿ ಹೇಳುವುದು ಮಾತ್ರ ಬೇರೆಯೇ: "ಅಯ್ಯನವರೇ, ನನ್ನ ನಂಬಿಕೆ ತಣ್ಣಗಾಗಿಬಿಟ್ಟಿದೆ." ಇರಬಹುದು. ಆದರೆ ಅದನ್ನು ಕೊನೆಗೆ ನೋಡಬೇಕು, ಮೊದಲಲ್ಲ. ತೋಟದ ಬೋರ್ ಮೋಟರ್ ಏಳದಿದ್ದರೆ ಯಾರೂ ಮೊದಲ ದಿನವೇ ಮೋಟರ್ ಮೇಲೆತ್ತಿಸುವುದಿಲ್ಲ. ಮೂರು ಫೇಸ್ ಕರೆಂಟ್ ಇದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ನೋಡುತ್ತಾರೆ. ಓದಿನ ವಿಷಯದಲ್ಲೂ ಅಷ್ಟೇ. ಹೊತ್ತು, ಜಾಗ, ಕಣ್ಣು, ಪ್ರಮಾಣ, ಭಾಷೆ ಇವನ್ನೆಲ್ಲ ನೋಡಿ ಮುಗಿಸದೆ ನೇರವಾಗಿ ಆತ್ಮಕ್ಕೆ ಕೈಹಾಕಿದರೆ, ಚಿಕ್ಕ ತೊಡಕಿಗೆ ದೊಡ್ಡ ಅಪರಾಧಭಾವ ಅಂಟಿಕೊಳ್ಳುತ್ತದೆ. ಆ ಅಪರಾಧಭಾವವೇ ಆಮೇಲೆ ಪುಸ್ತಕ ತೆರೆಯಲು ಬಿಡುವುದಿಲ್ಲ.

ಮೊದಲು 14 ದಿನ ಗುರುತು ಹಾಕಿ

ಬೇಕಾದ ಸಾಮಾನು: ಗೋಡೆ ಕ್ಯಾಲೆಂಡರ್ ಒಂದು, ಪೆನ್ಸಿಲ್ ಒಂದು, ಒಂದು ಮೊಳ ದಾರ. ಕ್ಯಾಲೆಂಡರ್ ನೇತುಹಾಕಿದ ಮೊಳೆಗೇ ಪೆನ್ಸಿಲ್ ಕಟ್ಟಿ. ಹುಡುಕಿಕೊಂಡು ಹೋಗಬೇಕಾದ ಪೆನ್ಸಿಲ್ ಇದ್ದರೆ ಗುರುತು ಮೂರನೇ ದಿನಕ್ಕೇ ನಿಲ್ಲುತ್ತದೆ. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಒಂದೇ ಒಂದು ಗುರುತು:

ಓ – ಓದಿದೆ.
ಕೈ – ಪುಸ್ತಕ ಕೈಗೇ ತೆಗೆದುಕೊಳ್ಳಲಿಲ್ಲ.
ನಿ – ತೆರೆದೆ, ನಿದ್ದೆ ಬಂತು ಅಥವಾ ಕಣ್ಣು ಸೋತಿತು.
ಫೋ – ಫೋನ್ ಎಳೆದುಕೊಂಡು ಹೋಯಿತು.
ತಿ – ಓದಿದೆ, ತಿಳಿಯಲಿಲ್ಲ.

ಈ 14 ದಿನ ಏನನ್ನೂ ಬದಲಾಯಿಸಬೇಡಿ, ಹೊಸ ಶಪಥ ಬೇಡ. ಒಂದೇ ವಾರ ಸಾಲದು, ಏಕೆಂದರೆ ಒಂದು ವಾರದಲ್ಲಿ ಒಂದು ಮದುವೆ ಬಂದರೂ ಲೆಕ್ಕ ಕೆಡುತ್ತದೆ. ಹರಿಹರದ ಕಡೆ ಕಾರ್ಖಾನೆಗೆ ಹೋಗುವವರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು 21 ದಿನ ಹಾಕಬೇಕು. ಮೂರು ಶಿಫ್ಟೂ ಒಂದು ಸುತ್ತು ಬರಬೇಕು. ಗುರುತು ಹಾಕುವುದು ತಪ್ಪೊಪ್ಪಿಗೆಯಲ್ಲ, ಅದು ಥರ್ಮಾಮೀಟರ್ ಇಟ್ಟು ಜ್ವರ ನೋಡಿದ ಹಾಗೆ. ಎರಡು ವಾರದ ಮೇಲೆ ಯಾವ ಅಕ್ಷರ ಹೆಚ್ಚಿದೆಯೋ ಆ ದೋಷವನ್ನು ಮಾತ್ರ ಸರಿಪಡಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸಕ್ಕೆ ಬಂತು ಎಂದು ಗೊತ್ತಾಗುವುದಿಲ್ಲ.

'ಕೈ' ಹೆಚ್ಚಿದ್ದರೆ

ದೋಷ ಹೊತ್ತಿನಲ್ಲಿ ಇಲ್ಲವೇ ಜಾಗದಲ್ಲಿದೆ.

ಹೊತ್ತು ಗೊತ್ತುಮಾಡುವಾಗ ಬಹಳ ಜನ ಮಾಡುವ ತಪ್ಪು ಗಡಿಯಾರ ನೋಡುವುದು. "ಬೆಳಿಗ್ಗೆ ಐದಕ್ಕೆ ಏಳುತ್ತೇನೆ" ಎಂಬ ತೀರ್ಮಾನ ಹೆಚ್ಚಾಗಿ ಮಾರ್ಕ 1:35ರಿಂದ ಬರುತ್ತದೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋದ ವಚನ ಅದು. ಅದರ ಹಿಂದಿನ ಮೂರು ವಚನಗಳನ್ನೂ ಓದಿ: ಹಿಂದಿನ ಸಂಜೆ ಇಡೀ ಊರೇ ಬಾಗಿಲಿಗೆ ಬಂದು ಕೂಡಿತ್ತು. ಜನ ಬಿಡದ ಕಡೆ ಸಿಕ್ಕ ಹೊತ್ತು ಅದು. ಕೀರ್ತನೆ 1 ಮತ್ತು ಯೆಹೋಶುವ 1:8 ಹಗಲಿರುಳು ಧ್ಯಾನಿಸುವ ಮಾತಾಡುತ್ತವೆ. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ. ಐದು ಗಂಟೆ ಎಂಬ ಆಜ್ಞೆ ಎಲ್ಲೂ ಇಲ್ಲ. (ಈ ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ವಚನ ಎಂದರೆ ಮೊದಲು ಶರಣರ ವಚನವೇ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಬೈಬಲಿನ ಅಧ್ಯಾಯದೊಳಗಿನ ಅಂಕಿ ಹಾಕಿದ ತುಣುಕು.)

ಗಂಟೆಯ ಬದಲು, ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಕಟ್ಟಿ. ಮಕ್ಕಳ ಸ್ಕೂಲ್ ವ್ಯಾನ್ ಹೋದ ಮೇಲೆ. ಟೀ ಲೋಟ ಕೈಗೆ ಬಂದ ಮೇಲೆ. ಅಂಗಡಿ ಷಟರ್ ಎತ್ತಿ ಕಸ ಗುಡಿಸಿದ ಮೇಲೆ, ಮೊದಲ ಗಿರಾಕಿ ಬರುವ ಮುಂಚೆ. ಬೆಳಕು ಹರಿಯುವ ಮೊದಲೇ ಮಂಡಕ್ಕಿ ಭಟ್ಟಿಗೋ ಮಾರ್ಕೆಟ್ಟಿಗೋ ಹೋಗುವವರಿಗೆ ಬೆಳಿಗ್ಗೆಯ ಓದು ಕೂಡಿಬರುವುದಿಲ್ಲ, ಅದಕ್ಕೆ ಬೇಸರಪಡಬೇಕಿಲ್ಲ. ಅವರಿಗೆ ತಿಂಡಿಯ ಬಿಡುವು ಸರಿಯಾದ ಹೊತ್ತು.

ಇನ್ನು ನಲ್ಲಿ ನೀರು ಬರುವ ದಿನ. ಆ ದಿನ ಬೆಳಿಗ್ಗೆ ಬಿಂದಿಗೆ, ಡ್ರಮ್ಮು, ಸಂಪು ಬಿಟ್ಟರೆ ಬೇರೇನೂ ತಲೆಯಲ್ಲಿರುವುದಿಲ್ಲ. ಕ್ಯಾಲೆಂಡರಿನಲ್ಲಿ ನೀರಿನ ದಿನಗಳಿಗೆ ಸುತ್ತು ಹಾಕಿ ನೋಡಿ; 'ಕೈ' ಗುರುತುಗಳು ಅಲ್ಲೇ ಗುಂಪಾಗಿ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಅದಕ್ಕೇ ಎರಡನೇ ಹೊತ್ತು ಒಂದನ್ನು ಮೊದಲೇ ಗೊತ್ತುಮಾಡಿಡಬೇಕು, ಉದಾಹರಣೆಗೆ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ. ಎರಡೇ ಇರಲಿ. ಮೂರನೆಯದು ಇಟ್ಟರೆ ಅದರ ಹೆಸರು 'ಆಮೇಲೆ' ಎಂದಾಗುತ್ತದೆ.

ಜಾಗದ ದೋಷ ಇನ್ನೂ ಸುಲಭ. ನಿಮ್ಮ ಸತ್ಯವೇದ ಚೈನ್ ಕವರಿನೊಳಗಿದೆಯೇ? ಕವರಿನ ಜೇಬಿನಲ್ಲಿ ಕಾಣಿಕೆ ಲಕೋಟೆ, ಹಾಡಿನ ಪುಸ್ತಕ, ಕನ್ನಡಕದ ಬಟ್ಟೆ ಇವೆಯೇ? ಅದು ಬೀರುವಿನ ಮೇಲೋ ಟಿವಿ ಸ್ಟ್ಯಾಂಡಿನ ಮೇಲಿನ ಅರೆಯಲ್ಲೋ ಇದೆಯೇ? ಹಾಗಿದ್ದರೆ ಅದು ಭಾನುವಾರಕ್ಕೆ ಸಿದ್ಧವಾಗಿ ನಿಂತ ಪುಸ್ತಕ, ಸೋಮವಾರಕ್ಕಲ್ಲ. ಗೌರವದಿಂದಲೇ ಮೇಲಿಟ್ಟಿರುತ್ತೀರಿ, ಆದರೆ ಕೈಗೆ ಸಿಗದ ಎತ್ತರದಲ್ಲಿ ಓದು ಸಾಗುವುದಿಲ್ಲ. ಮನೆಗೆ ಎರಡನೆಯ ಪ್ರತಿ ತನ್ನಿ: ಕವರ್ ಇಲ್ಲದ್ದು, ಪುಟದ ಅಂಚಿನಲ್ಲಿ ಪೆನ್ಸಿಲ್ ತಾಗಿಸಲು ಮನಸ್ಸು ಬರುವಂಥದ್ದು. ಟೀ ಕುಡಿಯುವ ಕುರ್ಚಿಯಿಂದ ಕೈ ಚಾಚಿದರೆ ಸಿಗಬೇಕು, ರಿಬ್ಬನ್ ನಾಳೆಯ ಪುಟದಲ್ಲಿರಬೇಕು. ಎಲ್ಲಿ ಓದಬೇಕೆಂದು ಬೆಳಿಗ್ಗೆ ಯೋಚಿಸುವ ಹಾಗಾದರೆ ಅರ್ಧ ಓದು ಅಲ್ಲೇ ಹೋಯಿತು.

'ನಿ' ಹೆಚ್ಚಿದ್ದರೆ

ಮೊದಲು ಕಣ್ಣು. 40 ದಾಟಿದ ಮೇಲೆ ಹತ್ತಿರದ ನೋಟ ಕಡಿಮೆಯಾಗುತ್ತಾ ಬರುವುದು ಸಹಜ, ಕನ್ನಡ ಲಿಪಿಯಲ್ಲಿ ಇದು ಬೇಗ ಕಾಡುತ್ತದೆ. ಅಕ್ಷರದ ಬುಡದಲ್ಲಿರುವ ಒತ್ತು ಸಣ್ಣ ಮುದ್ರಣದಲ್ಲಿ ಹರಡಿಹೋಗುತ್ತದೆ. ತ ಒತ್ತು, ನ ಒತ್ತು, ವ ಒತ್ತು ಮೂರೂ ಒಂದೇ ಚುಕ್ಕೆಯ ಹಾಗೆ ಕಾಣುತ್ತವೆ. ಬೇತ್ಲೆಹೇಮ್, ಫಿಲಿಷ್ಟಿಯರು, ಇಸ್ರಾಯೇಲ್ಯರು ಇಂಥ ಹೆಸರುಗಳಲ್ಲಿ ಕಣ್ಣು ಪ್ರತಿ ಸಾಲಿನಲ್ಲೂ ತಡವರಿಸುತ್ತದೆ. ಎರಡು ಪುಟಕ್ಕೆ ತಲೆ ಭಾರ, ನಾಲ್ಕನೇ ಪುಟಕ್ಕೆ ನಿದ್ದೆ. ಓದುವವರು "ವಾಕ್ಯ ತೆರೆದರೆ ಸಾಕು, ಸೈತಾನ ನಿದ್ದೆ ತರುತ್ತಾನೆ" ಎನ್ನುತ್ತಾರೆ. ಒಂದು ಪರೀಕ್ಷೆ ಮಾಡಿ: ಪುಸ್ತಕವನ್ನು ಮುಖದಿಂದ ಒಂದು ಮೊಳ ದೂರ ಹಿಡಿದು, ಬೆಳಕಿನಲ್ಲಿ, ಕೀರ್ತನೆ 117 ಓದಿ. ಎರಡೇ ವಚನ, ಇಡೀ ಬೈಬಲಿನ ಅತಿ ಚಿಕ್ಕ ಅಧ್ಯಾಯ. ಒತ್ತಕ್ಷರಕ್ಕೆ ಕಣ್ಣು ಕಿರಿದುಮಾಡಬೇಕಾಗಿ ಬಂದರೆ ಬೇಕಾದ್ದು ಕನ್ನಡಕ, ದೊಡ್ಡ ಅಕ್ಷರದ ಪ್ರತಿ. ಗಿಡಿಯನ್ಸ್‌ನವರು ಹಂಚುವ ಕಿಸೆ ಗಾತ್ರದ ಹೊಸ ಒಡಂಬಡಿಕೆ (ಬೈಬಲಿನ ಎರಡನೇ ಭಾಗ) ಪ್ರಯಾಣಕ್ಕೆ ಚೆನ್ನ, ವಯಸ್ಸಾದವರ ದಿನದ ಓದಿಗೆ ಅಲ್ಲ.

ಕಣ್ಣು ಸರಿಯಿದ್ದರೆ ಭಂಗಿ ನೋಡಿ. ಹಾಸಿಗೆಯ ಮೇಲೆ ಒರಗಿ ಓದಿದರೆ ದೇಹಕ್ಕೆ ಅಭ್ಯಾಸವಿರುವುದು ನಿದ್ದೆಯೇ. ಕೂತು, ಸಣ್ಣ ದನಿಯಲ್ಲಾದರೂ ಬಾಯಿಬಿಟ್ಟು ಓದಿ. ಹಳೆಯ ಕಾಲದವರು ಓದುತ್ತಿದ್ದುದೇ ಹೀಗೆ: ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಓದುವುದು ಹೊರಗೆ ಓಡಿಬರುತ್ತಿದ್ದ ಫಿಲಿಪ್ಪನಿಗೆ ಕೇಳಿಸಿತು.

'ಫೋ' ಹೆಚ್ಚಿದ್ದರೆ

ಆ್ಯಪ್‌ನಲ್ಲಿ ಓದುವುದು ತಪ್ಪಲ್ಲ. ಯೂವರ್ಷನ್ ಎಂಬ ಬೈಬಲ್ ಆ್ಯಪ್‌ನಲ್ಲಿ ಒಂದಕ್ಕಿಂತ ಹೆಚ್ಚು ಕನ್ನಡ ಅನುವಾದಗಳು ಸಿಗುತ್ತವೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಓದಲು ಬರದವರಿಗೆ ಧ್ವನಿ ಬೈಬಲ್ ದೊಡ್ಡ ಆಸರೆ: ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಮಾರ್ಕನ ಸುವಾರ್ತೆ ಇಡೀ ಕೇಳಿ ಮುಗಿಯುತ್ತದೆ. ತೊಡಕು ಇರುವುದು ವಾಟ್ಸ್ಆ್ಯಪ್ ಅದೇ ಗಾಜಿನ ಮೇಲೆ ಬಂದು ಕೂರುವುದರಲ್ಲಿ. ಓದುವ 15 ನಿಮಿಷ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಅಷ್ಟೂ ಆಗದಿದ್ದರೆ ಅಚ್ಚಿನ ಪುಸ್ತಕಕ್ಕೆ ಬನ್ನಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ರೂಪಿಗೆ ಬಂದ ಹೂವಿನ ಚಿತ್ರದ ಮೇಲಿನ ವಚನ ನೋಡಿ ಮುಂದಕ್ಕೆ ಕಳಿಸಿದರೆ ಅದು ಓದಿದ ಲೆಕ್ಕವಲ್ಲ, ಕ್ಯಾಲೆಂಡರಿನಲ್ಲಿ ಅದಕ್ಕೆ 'ಓ' ಹಾಕಬೇಡಿ. ಯೆರೆಮೀಯ 29:11 ಹೀಗೆ ಓಡಾಡುವ ವಚನ: ನಿಮಗೆ ಗತಿಯಾಗಲಿ, ನಿರೀಕ್ಷೆಯಿರಲಿ ಎಂಬ ದೇವರ ಆಲೋಚನೆ. ಅದರ ಹಿಂದಿನ 10ನೇ ವಚನ ಬಾಬೆಲಿನಲ್ಲಿ 70 ವರ್ಷ ತುಂಬುವ ಮಾತಾಡುತ್ತದೆ. ಸೆರೆಹೋದವರಿಗೆ ಬರೆದ ಕಾಗದ ಅದು: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಎನ್ನುವ ಕಾಗದ. ಇಡೀ ಅಧ್ಯಾಯ ಓದಿದವರ ಕೈಗೆ ಆ ವಚನ ಬೇರೆಯೇ ತೂಕದಲ್ಲಿ ಬರುತ್ತದೆ.

ಪ್ರಮಾಣದ ಲೆಕ್ಕ

'ಓ' ಗುರುತುಗಳು ಮೊದಲ ಹತ್ತು ದಿನ ಸಾಲಾಗಿದ್ದು ಆಮೇಲೆ ಒಮ್ಮೆಗೇ ನಿಂತಿದ್ದರೆ ಭಾರ ಹೆಚ್ಚಾಗಿದೆ ಎಂದರ್ಥ. 66 ಪುಸ್ತಕಗಳ ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ: ಹಳೆಯ ಒಡಂಬಡಿಕೆ 929, ಹೊಸದು 260. (ಕಥೋಲಿಕರ ಬೈಬಲಿನಲ್ಲಿ ಪುಸ್ತಕಗಳು 73, ಅಧ್ಯಾಯಗಳೂ ಹೆಚ್ಚು.) ದಿನಕ್ಕೆ 3 ಓದಿದರೆ ವರ್ಷಕ್ಕೆ ಮುಗಿಯುವುದಿಲ್ಲ, 397ನೇ ದಿನಕ್ಕೆ ಮುಗಿಯುತ್ತದೆ. ವಾರದಲ್ಲಿ ಆರು ದಿನ 3, ಭಾನುವಾರ 5 ಎಂಬ ಹಳೆಯ ಲೆಕ್ಕ ಬಂದದ್ದು ಅದಕ್ಕೇ. ಇಂಗ್ಲಿಷಿನಲ್ಲಿ ಹೆಸರಾದ ಇನ್ನೊಂದು ಯೋಜನೆ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟದ್ದು: ದಿನಕ್ಕೆ 4 ಅಧ್ಯಾಯ, ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಾರಿ, ಹೊಸದೂ ಕೀರ್ತನೆಗಳೂ ಎರಡು ಸಾರಿ. ಅದರ ಮುನ್ನುಡಿಯಲ್ಲೇ ಅವರು ಇಂಥ ಯೋಜನೆಯ ಅಪಾಯಗಳನ್ನೂ ಬರೆದರು. ಓದು ಬರೀ ವಾಡಿಕೆಯಾಗಿಬಿಡುವುದು, ಓದಿದೆನೆಂಬ ಹಮ್ಮು, ಅಜಾಗ್ರತೆಯ ಓದು, ಕೆಲವರಿಗೆ ಹೊರಲಾಗದ ನೊಗವಾಗುವುದು, ಇವು ಆ ಪಟ್ಟಿಯಲ್ಲಿವೆ.

ಹೊಸದಾಗಿ ಶುರುಮಾಡುವವರಿಗೂ ಒಮ್ಮೆ ನಿಂತವರಿಗೂ ನಾವು ಹೇಳುವ ಪ್ರಮಾಣ ಒಂದು ಅಧ್ಯಾಯ, ವಾರಕ್ಕೆ ಐದು ದಿನ. 52 ವಾರಕ್ಕೆ ಸರಿಯಾಗಿ 260, ಇಡೀ ಹೊಸ ಒಡಂಬಡಿಕೆ. ಉಳಿದ ಎರಡು ದಿನಗಳಲ್ಲಿ ಭಾನುವಾರದ ಪ್ರಸಂಗದ ಭಾಗ ಒಂದು, ತಪ್ಪಿದ್ದಕ್ಕೆ ಇನ್ನೊಂದು. ಇಷ್ಟೂ ದೂರ ಕಾಣದವರು ಒಂದು ತಿಂಗಳ ತುಂಡು ಹಿಡಿಯಲಿ: ಮಾರ್ಕ 16, ರೂತಳು 4, ಯೋನ 4, ಫಿಲಿಪ್ಪಿ 4, ಯಾಕೋಬ 5. ಒಟ್ಟು 33 ದಿನ.

ಅಧ್ಯಾಯಗಳೆಲ್ಲ ಒಂದೇ ಅಳತೆಯವಲ್ಲ ಎಂಬುದೂ ನೆನಪಿರಲಿ. ಮಾರ್ಕ 14ಕ್ಕೆ 72 ವಚನ, ಲೂಕ 1ಕ್ಕೆ 80. ಅಂಥದ್ದನ್ನು ಎರಡು ದಿನಕ್ಕೆ ಒಡೆಯಿರಿ. ಅಧ್ಯಾಯದ ಗೆರೆಗಳು ಮೂಲದಲ್ಲಿ ಇರಲಿಲ್ಲ, ಹುಡುಕಲು ಅನುಕೂಲವಾಗಲೆಂದು 13ನೇ ಶತಮಾನದಲ್ಲಿ ಹಾಕಿದವು. ಕೆಲವು ಕಡೆ ಗೆರೆ ಮಾತಿನ ನಡುವೆಯೇ ಬಿದ್ದಿದೆ: ಯೆಶಾಯ 53ರ ಸೇವಕನ ಹಾಡು ಶುರುವಾಗುವುದು 52:13ರಲ್ಲಿ, ಆದಿಕಾಂಡ 1ರ ಏಳನೇ ದಿನ ಇರುವುದು 2ನೇ ಅಧ್ಯಾಯದ ಮೊದಲ ಮೂರು ವಚನಗಳಲ್ಲಿ. ಆದ್ದರಿಂದ ಎಲ್ಲಿ ವಿಷಯ ಮುಗಿಯುತ್ತದೋ ಅಲ್ಲಿ ನಿಲ್ಲಿಸಿದರೆ ತಪ್ಪಿಲ್ಲ.

ಕಥೋಲಿಕ ಓದುಗರಿಗೆ ಪ್ರಮಾಣ ಗೊತ್ತುಮಾಡುವ ಕಷ್ಟವಿಲ್ಲ, ದಿನದ ಬಲಿಪೂಜೆಯ (ಮಾಸ್) ವಾಚನಗಳೇ ಇವೆ. ಭಾನುವಾರದ ಚಕ್ರ ಮೂರು ವರ್ಷದ್ದು. ವಾರದ ದಿನಗಳ ಮೊದಲ ವಾಚನ ಎರಡು ವರ್ಷಕ್ಕೊಮ್ಮೆ ತಿರುಗುತ್ತದೆ, ಶುಭಸಂದೇಶ (ಸುವಾರ್ತೆಯ ಭಾಗ) ಪ್ರತಿ ವರ್ಷವೂ ಅದೇ. ಅಲ್ಲಿ ಕಾಣುವ ದೋಷ ಬೇರೆ: ತುಣುಕು ಚಿಕ್ಕದು, ಹಿಂದುಮುಂದು ಗೊತ್ತಾಗುವುದಿಲ್ಲ. ಶುಭಸಂದೇಶದ ತುಣುಕಿಗೆ ಮುಂಚಿನ ಹತ್ತು ವಚನ ಸೇರಿಸಿ ಓದಿದರೆ ಸಾಕು.

'ತಿ' ಹೆಚ್ಚಿದ್ದರೆ

ಇದು ಎಲ್ಲಕ್ಕಿಂತ ಗೌರವದ ದೋಷ, ನಿಧಾನವಾಗಿ ನೋಡಬೇಕಾದ್ದು. ಓದುತ್ತೀರಿ, ತಿಳಿಯುತ್ತಿಲ್ಲ. ಇಥಿಯೋಪ್ಯದ ಆ ಅಧಿಕಾರಿಯೂ ಫಿಲಿಪ್ಪನಿಗೆ ಹೇಳಿದ್ದು ಅದನ್ನೇ: ಯಾರಾದರೂ ದಾರಿ ತೋರಿಸದೆ ಹೇಗೆ ತಿಳಿಯುತ್ತದೆ?

ಭಾಷೆಯಿಂದ ಶುರುಮಾಡಿ. ಪಕ್ಕದ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಆಮೇಲೆ ಅನುವಾದ ಪರಿಷ್ಕಾರವಾಗಿದೆ, ಆದರೂ ಸಭೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸತ್ಯವೇದದ ಕನ್ನಡ ಗ್ರಾಂಥಿಕ. ಸರ್ವಾಂಗಹೋಮ, ಮಂಜೂಷ, ಕೃಪಾಸನ ಇವು ದಾವಣಗೆರೆಯ ಬೀದಿಯಲ್ಲಿ ಕೇಳುವ ಮಾತುಗಳಲ್ಲ. ಕಂಠಪಾಠಕ್ಕೆ ಆ ಅನುವಾದದ ಗತ್ತು ಬೇರೆಯೇ, ಬಿಡಬೇಡಿ. ದಿನದ ಓದಿಗೆ ಮಾತ್ರ ಸರಳ ಕನ್ನಡದ ಅನುವಾದ ಪಕ್ಕದಲ್ಲಿರಲಿ. ತಿಳಿಯದ ವಚನವನ್ನು ಅದರಲ್ಲಿ ಒಮ್ಮೆ ಓದಿ, ಮತ್ತೆ ಹಳೆಯದಕ್ಕೆ ಬನ್ನಿ.

ಇನ್ನು ರಿಬ್ಬನ್ ನಿಲ್ಲುವ ಆ ಜಾಗಗಳು.

ವಿಮೋಚನಕಾಂಡ 25ರಿಂದ 31ರವರೆಗೆ ಗುಡಾರ ಹೇಗಿರಬೇಕೆಂಬ ಆಜ್ಞೆ, 35ರಿಂದ 40ರವರೆಗೆ ಅದನ್ನು ಹಾಗೆಯೇ ಮಾಡಿದ ವಿವರ. ಒಂದೇ ಅಳತೆ ಎರಡು ಸಾರಿ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಬೇಸರ ಹೋಗುತ್ತದೆ. ನಡುವಿನ 32–34 ಚಿನ್ನದ ಬಸವನ ಕಥೆ. ದೇವರು ಇಸ್ರಾಯೇಲ್ಯರ ನಡುವೆ ಇರುವ ಮಾತು ಮುರಿದುಬೀಳುವ ಹಂತಕ್ಕೆ ಹೋಗಿ ಉಳಿದದ್ದು ಅಲ್ಲಿ, ಆದ್ದರಿಂದಲೇ ಎರಡನೇ ಸಾರಿಯ ಅಳತೆಗಳಿಗೆ ಅರ್ಥ ಬರುತ್ತದೆ. ಅಳತೆಯನ್ನು ನಮ್ಮ ಲೆಕ್ಕಕ್ಕೆ ತನ್ನಿ. ಅಲ್ಲಿನ ಮೊಳ ಸುಮಾರು 45 ಸೆಂಟಿಮೀಟರ್, ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಗೆ ಅಳೆಯುವ ಅದೇ ಮೊಳ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಎಂದರೆ 45 ಮೀಟರಿಗೆ ಇಪ್ಪತ್ತೆರಡೂವರೆ ಮೀಟರ್, ಸರಿಸುಮಾರು 10 ಗುಂಟೆ. ಹೊಲ ಇರುವವರಿಗೆ 10 ಗುಂಟೆ ಎಂದರೆ ಕಣ್ಣಿಗೆ ಕಟ್ಟುತ್ತದೆ: ಭೂಮ್ಯಾಕಾಶಗಳನ್ನು ಉಂಟುಮಾಡಿದವನು ತನ್ನ ಜನರ ನಡುವೆ ಕೇಳಿಕೊಂಡ ಜಾಗ ಅಷ್ಟೇ.

ಯಾಜಕಕಾಂಡಕ್ಕೆ ಒಂದು ಚೀಟಿ ಮಾಡಿ ಪುಟದಲ್ಲಿಡಿ. 1ನೇ ಅಧ್ಯಾಯ ಸರ್ವಾಂಗಹೋಮ: ಎಲ್ಲವೂ ಸುಟ್ಟು ದೇವರಿಗೇ. 2 ಧಾನ್ಯನೈವೇದ್ಯ: ಹಿಟ್ಟು, ಎಣ್ಣೆ, ಧೂಪ, ಉಪ್ಪು ಬೇಕು, ಹುಳಿಯೂ ಜೇನೂ ಕೂಡದು. 3 ಸಮಾಧಾನಯಜ್ಞ: ಕೊಟ್ಟವನೂ ಕೂತು ಉಣ್ಣುವಂಥದ್ದು. 4 ದೋಷಪರಿಹಾರಕಯಜ್ಞ: ಗೊತ್ತಿಲ್ಲದೆ ಮಾಡಿದ ಪಾಪಕ್ಕೆ. 5ರ ಕೊನೆಗೆ ಪ್ರಾಯಶ್ಚಿತ್ತಯಜ್ಞ: ನಷ್ಟ ಕಟ್ಟಿಕೊಟ್ಟು, ಮೇಲೆ ಐದನೇ ಒಂದು ಭಾಗ ಸೇರಿಸಿ. ಈ ಐದು ಸಾಲು ಕೈಯಲ್ಲಿದ್ದರೆ ಮೊದಲ ಏಳು ಅಧ್ಯಾಯ ಕಳೆಯಬಹುದು. ಆಮೇಲೆ ನೇರ 16ಕ್ಕೆ ಹೋಗಿ, ದೋಷಪರಿಹಾರಕ ದಿನದ ಅಧ್ಯಾಯ. ಅದರ ಮರುದಿನವೇ ಇಬ್ರಿಯರಿಗೆ 9. ಇಷ್ಟು ಓದಿದರೆ ಉಳಿದ ಅಧ್ಯಾಯಗಳಿಗೆ ಹಿಂದಿರುಗುವ ಮನಸ್ಸು ತಾನೇ ಬರುತ್ತದೆ.

19ನೇ ಅಧ್ಯಾಯವನ್ನು ಮಾತ್ರ ಯಾರೂ ಬಿಡಬಾರದು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು ಬಡವರಿಗೆ ಬಿಡು ಎಂಬ ಆಜ್ಞೆ ಅಲ್ಲಿದೆ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲಾಯುವುದನ್ನು ಕಂಡವರಿಗೆ ಈ ವಚನಕ್ಕೆ ವ್ಯಾಖ್ಯಾನ ಬೇಡ. ಇದೇ ಆಜ್ಞೆಯ ಬಲದಿಂದ ರೂತಳು ಬೋವಜನ ಹೊಲಕ್ಕೆ ಕಾಲಿಟ್ಟಳು, ಒಂದು ಏಫಾ (ಆ ಕಾಲದ ಧಾನ್ಯದ ಅಳತೆ) ಜವೆಗೋದಿ ಬಡಿದುಕೊಂಡು ಮನೆಗೆ ಒಯ್ದಳು, ದಾವೀದನ ಮುತ್ತಜ್ಜಿಯಾದಳು. ಮತ್ತಾಯ 1ರಲ್ಲಿರುವ ಯೇಸುವಿನ ವಂಶದ ಹೆಸರಿನ ಪಟ್ಟಿಯಲ್ಲಿ ಅವಳ ಹೆಸರು ಸಿಕ್ಕಾಗ ಆ ಪಟ್ಟಿ ಬರೀ ಪಟ್ಟಿಯಾಗಿ ಉಳಿಯುವುದಿಲ್ಲ.

ಅರಣ್ಯಕಾಂಡ 7ಕ್ಕೆ 89 ವಚನ. 12 ಕುಲದ ನಾಯಕರು 12 ದಿನ ಒಂದೇ ಕಾಣಿಕೆ ತರುತ್ತಾರೆ: 130 ಶೆಕೆಲಿನ (ಶೆಕೆಲ್ ಆಗಿನ ತೂಕ) ಬೆಳ್ಳಿ ತಟ್ಟೆ, 70 ಶೆಕೆಲಿನ ಬೆಳ್ಳಿ ಬೋಗುಣಿ, 10 ಶೆಕೆಲಿನ ಚಿನ್ನದ ಪಾತ್ರೆ, ಲೆಕ್ಕಹಾಕಿದ ಪಶುಗಳು. 12 ಸಾರಿಯೂ ಪೂರಾ ಬರೆದಿದೆ. ಮೊದಲ ನಾಯಕನದು (12–17) ಪೂರ್ತಿ ಓದಿ, ಉಳಿದ ಹನ್ನೊಂದರಲ್ಲಿ ಹೆಸರು ಮಾತ್ರ ಗಟ್ಟಿಯಾಗಿ ಓದಿ, 84ರಿಂದ ಮತ್ತೆ ಪೂರ್ತಿ. ಒಬ್ಬರದನ್ನೂ "ಇತ್ಯಾದಿ" ಎಂದು ಮುಗಿಸದೆ ಬರೆದಿಟ್ಟಿರುವುದೇ ಆ ಅಧ್ಯಾಯದ ಮಾತು.

ಓದುತ್ತೀರಿ, ತಿಳಿಯುತ್ತದೆ, ಉಳಿಯುವುದಿಲ್ಲ

ಮಧ್ಯಾಹ್ನ ಯಾರಾದರೂ ಕೇಳಿದರೆ ಬೆಳಿಗ್ಗೆ ಓದಿದ್ದು ನೆನಪಿಗೆ ಬರುವುದಿಲ್ಲವೇ? ಓದಿದ ಮೇಲೆ ಒಂದೇ ಸಾಲು, ನಿಮ್ಮ ಮಾತಿನಲ್ಲಿ, 40 ಪುಟದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಚನವನ್ನು ನಕಲು ಮಾಡಬೇಡಿ. ನಕಲು ಮಾಡುವಾಗ ಕೈ ಓಡುತ್ತದೆ, ತಲೆ ನಿಂತಿರುತ್ತದೆ. ಬರೆಯಲು ಆಗದವರು ಯಾರಿಗಾದರೂ ಹೇಳಲಿ. ಸಭೆಯಲ್ಲಿ ಒಬ್ಬರನ್ನು ಜೊತೆ ಮಾಡಿಕೊಂಡರೆ ದಿನಕ್ಕೆ ಒಂದು ನಿಮಿಷದ ಫೋನ್ ಸಾಕು:

"ಅಕ್ಕಾ, ಇವತ್ತು ಎಲ್ಲಿಗಂಟ ಆತು?"

"ಮಾರ್ಕ ನಾಕು ಮುಗೀತು ನೋಡವ್ವ. ಗಾಳಿ ನಿಂತ ಮೇಲೂ ಶಿಷ್ಯರಿಗೆ ಹೆದರಿಕೆ ಹೋಗಿಲ್ಲ, ಅದೇ ತಲೇಲಿ ಕುಂತೈತಿ."

ಅಷ್ಟೇ. "ಯಾಕೆ ಓದಲಿಲ್ಲ" ಎಂದು ಕೇಳುವ ಜೊತೆ ಬೇಡ, ಅವರ ಫೋನ್ ಬಂದರೆ ಎತ್ತದ ಹಾಗಾಗುತ್ತದೆ.

ನಾಲ್ಕು ದಿನ ತಪ್ಪಿದೆ, ಈಗ?

ಬಾಕಿ ತೀರಿಸಲು ಹೋಗಬೇಡಿ. ನಿಂತ ಓದು ಪೂರಾ ಸಾಯುವುದು ಇಲ್ಲೇ: 4 ದಿನಕ್ಕೆ 12 ಅಧ್ಯಾಯ ಬಾಕಿ, ಒಂದು ವಾರಕ್ಕೆ 21, ಆಮೇಲೆ ಬಡ್ಡಿ ಸಾಲದ ಹಾಗೆ ಪುಸ್ತಕದ ಕಡೆ ಮುಖ ಮಾಡಲೂ ಅಂಜಿಕೆ. ವಿಮೋಚನಕಾಂಡ 16ರಲ್ಲಿ ದೇವರು ಅರಣ್ಯದಲ್ಲಿ ದಿನದ ಆಹಾರವಾಗಿ ಮನ್ನ ಕೊಟ್ಟ ಲೆಕ್ಕ ನೋಡಿ. ತಲಾ ಒಂದು ಓಮೆರ್, ಸುಮಾರು 2 ಲೀಟರ್, ಆ ದಿನಕ್ಕೆ. ನಾಳೆಗೆಂದು ಇಟ್ಟದ್ದು ಹುಳಬಿತ್ತು. ಆರನೇ ದಿನ ಮಾತ್ರ ಎರಡು ಪಾಲು. ನಿನ್ನೆಯದನ್ನು ಇಂದು ಕೂಡಿಸಿಕೊಳ್ಳುವ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ತಾರೀಕು ಅಚ್ಚಾದ ಯೋಜನೆಯಿದ್ದರೆ ತಾರೀಕುಗಳನ್ನು ಹೊಡೆದುಹಾಕಿ, ರಿಬ್ಬನ್ ಇದ್ದಲ್ಲಿಂದ ಇಂದಿನ ಪಾಲು ಓದಿ. ಆ್ಯಪಿನ ಸತತ ದಿನಗಳ ಎಣಿಕೆ ಸೊನ್ನೆಯಾದರೆ ಆಗಲಿ.

ಜ್ವರ, ಹೆರಿಗೆ, ಆಸ್ಪತ್ರೆಯ ಕಾರಿಡಾರು, ಕರೆಂಟ್ ಹೋದ ರಾತ್ರಿ ಇಂಥ ದಿನಗಳಿಗೆ ಕೀರ್ತನೆ 119 ಇಟ್ಟುಕೊಳ್ಳಿ. 176 ವಚನಗಳ ಅತಿ ಉದ್ದದ ಅಧ್ಯಾಯ, ಆದರೆ ಹೀಬ್ರೂ ಅಕ್ಷರಗಳ ಲೆಕ್ಕದಲ್ಲಿ 22 ಭಾಗ, ಭಾಗಕ್ಕೆ 8 ವಚನ. ಎರಡು ನಿಮಿಷ ಸಾಕು, ಆ ದಿನಕ್ಕೂ ಧೈರ್ಯವಾಗಿ 'ಓ' ಹಾಕಿ.

ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿಯಾದರೆ

ಬೇರೆಯವರ ಪೂಜೆಯ ಹೊತ್ತಿಗೆ, ಅಡುಗೆಯ ಗಡಿಬಿಡಿಗೆ ಅಡ್ಡಬರುವ ಸಮಯ ಬೇಡ. ಗಟ್ಟಿಯಾಗಿ ಓದುವ ಬದಲು ಕಿವಿಗೆ ಇಯರ್‌ಫೋನ್. ಅತ್ತೆಯವರು ಕೇಳಿದರೆ ಮುಚ್ಚಿಡದೆ ಮೆದುವಾಗಿ ಹೇಳಿ, ಓದು ಮುಗಿಸಿ ಅವರ ಕೆಲಸಕ್ಕೆ ಕೈಜೋಡಿಸಿ. 1 ಪೇತ್ರ 3ರ ಮೊದಲ ವಚನಗಳು ಇಂಥ ಮನೆಗಳಿಗೇ ಬರೆದವು.

ಎಲ್ಲವೂ ಸರಿಯಿದೆ, ಆದರೂ ಒಳಗೆ ಏನೂ ಆಗುತ್ತಿಲ್ಲ

ಹೊತ್ತು, ಜಾಗ, ಕಣ್ಣು, ಪ್ರಮಾಣ, ಭಾಷೆ ಎಲ್ಲ ನೋಡಿಯಾದ ಮೇಲೂ ವಾಕ್ಯ ಒಣ ಸೊಪ್ಪೆಯ ಹಾಗಿದ್ದರೆ ಈಗ ಒಳಗೆ ನೋಡುವ ಸರದಿ. ಯಾರೊಂದಿಗೋ ಮುರಿದ ಮಾತು, ಬಿಡಲಾಗದ ಪಾಪ, ದೇವರ ಮೇಲಿನ ಸಿಟ್ಟು ಇದ್ದರೆ ಅದನ್ನು ಹೆಸರಿಟ್ಟು ಪ್ರಾರ್ಥನೆಯಲ್ಲಿ ಹೇಳಿ, ನಂಬುವ ಹಿರಿಯರೊಬ್ಬರ ಹತ್ತಿರವೂ ಹೇಳಿ. ಸಾವಿನ ದುಃಖದಲ್ಲಿರುವವರು ಸಂತೋಷದ ಕೀರ್ತನೆಗಳನ್ನು ಬಲವಂತದಿಂದ ಓದಬೇಕಿಲ್ಲ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಬೆಳಕಿನ ಒಂದು ಸಾಲೂ ಇಲ್ಲ, ಆದರೂ ಅದು ಸತ್ಯವೇದದಲ್ಲಿದೆ. ಹಾಗೆ ಮಾತಾಡಲು ನಿಮಗೂ ಅನುಮತಿಯಿದೆ.

ನಿದ್ದೆ, ಊಟ, ಕೆಲಸ ಯಾವುದರಲ್ಲೂ ಎರಡು ವಾರಕ್ಕೂ ಹೆಚ್ಚು ಮನಸ್ಸಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಓದಿನ ದೋಷವಲ್ಲ. ವೈದ್ಯರನ್ನು ಕಾಣಿ, ಸರ್ಕಾರದ ಟೆಲಿಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪ್ರವಾದಿ ಎಲೀಯನು ಸಾಯಬೇಕೆಂದು ಮರದಡಿ ಮಲಗಿದಾಗ (1 ಅರಸುಗಳು 19) ದೇವದೂತನು ಎರಡು ಸಾರಿ ಎಬ್ಬಿಸಿದ್ದು ರೊಟ್ಟಿ ತಿನ್ನಲು, ನೀರು ಕುಡಿಯಲು.

ಸರಿಯಾಯಿತೇ ಎಂದು ನೋಡುವುದು

ಬದಲಾವಣೆ ಮಾಡಿದ ದಿನದಿಂದ ಮತ್ತೆ 14 ದಿನ ಗುರುತು ಹಾಕಿ, ಹಳೆಯ ಪುಟದ ಪಕ್ಕದಲ್ಲಿಟ್ಟು ನೋಡಿ. 'ಕೈ' ಇದ್ದ ಚೌಕಗಳಲ್ಲಿ ಈಗ 'ತಿ' ಬರುತ್ತಿದ್ದರೆ ಕೆಟ್ಟಿತೆಂದು ತಿಳಿಯಬೇಡಿ, ಪುಸ್ತಕ ಕೈಗೆ ಬಂದಿದೆ, ಈಗ ಭಾಷೆಯ ಕೆಲಸ ಬಾಕಿ. 'ನಿ' ಹೋಗಿ ಮತ್ತೆ 'ಕೈ' ಬಂದಿದ್ದರೆ ಕನ್ನಡಕ ಎಲ್ಲಿಟ್ಟಿದ್ದೀರಿ ಎಂದು ನೋಡಿ. ಅದು ಇರಬೇಕಾದ ಜಾಗ ಸತ್ಯವೇದದ ಮೇಲೆ.